90 ಫ್ರೇಮ್ ಬಂದರೂ ಆಟ ಕುಂಟುವುದೇಕೆ?

ಪ್ರಶ್ನೆ: ನಾನು ಹಾಸನದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೇನೆ. ಈಚೆಗೆ 60 ಹರ್ಟ್ಸ್‌ನ ಹಳೆಯ ಮಾನಿಟರ್ ತೆಗೆದು 144 ಹರ್ಟ್ಸ್‌ನ ಹೊಸದನ್ನು ಕೊಂಡೆ. ಕಂಪ್ಯೂಟರ್‌ನಲ್ಲಿ ಜಿಟಿಎಕ್ಸ್ 1650 ಗ್ರಾಫಿಕ್ಸ್ ಕಾರ್ಡ್ ಮತ್ತು 8 ಜಿಬಿ ರ‍್ಯಾಮ್ ಇದೆ. ಆಟ ಆಡುವಾಗ ಮೂಲೆಯಲ್ಲಿ 90 ಎಫ್‌ಪಿಎಸ್ (ಸೆಕೆಂಡಿಗೆ 90 ಫ್ರೇಮ್) ಎಂದು ತೋರಿಸುತ್ತದೆ. ಆದರೂ ನೋಟ ತಿರುಗಿಸಿದರೆ ಪರದೆ ಅಡ್ಡಕ್ಕೆ ಸೀಳಿದಂತೆ ಕಾಣುತ್ತದೆ. ಆಟದ ಸೆಟ್ಟಿಂಗ್‌ನಲ್ಲಿ ವಿ-ಸಿಂಕ್ ಎಂಬುದನ್ನು ಹಾಕಿದರೆ ಸೀಳು ಹೋಗುತ್ತದೆ, ಆದರೆ ಚಲನೆ ಕುಂಟುತ್ತದೆ. ಹಳೆಯ ಮಾನಿಟರೇ ಸರಾಗವಾಗಿತ್ತು ಎನಿಸುತ್ತಿದೆ. ಸಿನಿಮಾದಲ್ಲೂ ಕ್ಯಾಮೆರಾ ಪಕ್ಕಕ್ಕೆ ಸರಿದಾಗ ದೃಶ್ಯ ತಡೆತಡೆದು ಸಾಗುತ್ತದೆ. ಅಂಗಡಿಯವರು ದೊಡ್ಡ ಕಾರ್ಡ್ ಹಾಕಿಸಿ ಎನ್ನುತ್ತಾರೆ. ಮನುಷ್ಯನ ಕಣ್ಣಿಗೆ 60ಕ್ಕಿಂತ ಹೆಚ್ಚು ಕಾಣುವುದೇ ಇಲ್ಲ, ಹಣ ದಂಡ ಎನ್ನುತ್ತಾನೆ ಗೆಳೆಯ. ಯಾರ ಮಾತು ಸರಿ?

ಉತ್ತರ: ಇಬ್ಬರ ಮಾತೂ ಸರಿಯಲ್ಲ. ಸರಿಯಾಗಿರುವುದು ನಿಮ್ಮ ಕಣ್ಣು. ಹಳೆಯ 60 ಹರ್ಟ್ಸ್ ಪರದೆಯಲ್ಲಿ ಆಟ ಹೆಚ್ಚು ಸರಾಗವಾಗಿತ್ತು ಎಂದಿದ್ದೀರಲ್ಲ, ಅದನ್ನು ಲೆಕ್ಕ ಹಾಕಿಯೇ ತೋರಿಸಬಹುದು. ಹೊಸ ಕಾರ್ಡಿಗೆ ಹಣ ಸುರಿಯುವ ಮೊದಲು ಆ ಲೆಕ್ಕವನ್ನು ನೋಡಿಬಿಡಿ.

ಪರದೆಯ ಮೇಲಿನ ಚಲನೆಯ ಹಿಂದೆ ಎರಡು ಯಂತ್ರಗಳಿವೆ, ಎರಡಕ್ಕೂ ತಮ್ಮ ತಮ್ಮ ವೇಗವಿದೆ. ಗ್ರಾಫಿಕ್ಸ್ ಕಾರ್ಡ್ ಒಂದರ ನಂತರ ಒಂದು ಚಿತ್ರ ಬರೆದು ಮುಗಿಸುತ್ತದೆ. ಸೆಕೆಂಡಿಗೆ ಎಷ್ಟು ಮುಗಿಸಿತು ಎಂಬುದೇ ಫ್ರೇಮ್ ರೇಟ್. ಇದು ಒಂದೇ ಸಮನೆ ಇರುವುದಿಲ್ಲ. ಆಟದಲ್ಲಿ ಗೋಡೆಗೆ ಮುಖ ಮಾಡಿ ನಿಂತರೆ ಕಾರ್ಡಿಗೆ ಕೆಲಸ ಕಡಿಮೆ. ಹೊಗೆ, ನೀರು, ಹತ್ತಾರು ಪಾತ್ರಗಳಿರುವ ಬೀದಿಯ ಕಡೆ ತಿರುಗಿದರೆ ಕೆಲಸ ಒಮ್ಮೆಲೇ ಏರುತ್ತದೆ. ಮಾನಿಟರ್‌ಗೆ ಇಂಥ ಏರಿಳಿತವಿಲ್ಲ. 144 ಹರ್ಟ್ಸ್ ಎಂದರೆ ಅದು ಸೆಕೆಂಡಿಗೆ 144 ಸಲ, ಪ್ರತಿ 6.94 ಮಿಲಿಸೆಕೆಂಡಿಗೊಮ್ಮೆ, ಪರದೆಯನ್ನು ಮೇಲಿನಿಂದ ಕೆಳಗೆ ಹೊಸದಾಗಿ ತುಂಬುತ್ತದೆ. ಇದು ರಿಫ್ರೆಶ್ ರೇಟ್. ಹೊಸ ಚಿತ್ರ ಸಿದ್ಧವಿದ್ದರೆ ಅದನ್ನು ತೋರಿಸುತ್ತದೆ, ಇಲ್ಲದಿದ್ದರೆ ಹಳೆಯದನ್ನೇ ಮತ್ತೊಂದು ಸುತ್ತು ತೋರಿಸುತ್ತದೆ. ನಿಮ್ಮ ಹಳೆಯ ಮಾನಿಟರ್‌ನಲ್ಲಿ ಒಂದು ಸುತ್ತಿಗೆ 16.67 ಮಿಲಿಸೆಕೆಂಡ್ ಹಿಡಿಯುತ್ತಿತ್ತು.

ಈಗ ನಿಮ್ಮ 90ನ್ನು 144ರೊಳಗೆ ಕೂರಿಸಿ ನೋಡಿ. ಸೆಕೆಂಡಿಗೆ 90 ಎಂದರೆ ಒಂದು ಚಿತ್ರಕ್ಕೆ 11.1 ಮಿಲಿಸೆಕೆಂಡ್. 144ನ್ನು 90ರಿಂದ ಭಾಗಿಸಿದರೆ 1.6 ಬರುತ್ತದೆ. ಅಂದರೆ ಪ್ರತಿ ಚಿತ್ರವೂ ಪರದೆಯ ಮೇಲೆ 1.6 ಸುತ್ತು ನಿಲ್ಲಬೇಕು. ಮಾನಿಟರ್ ಪೂರ್ಣ ಸುತ್ತುಗಳನ್ನಷ್ಟೇ ಬಲ್ಲದು. ಹಾಗಾಗಿ, ಸುತ್ತು ಮುಗಿಯುವವರೆಗೆ ಹೊಸ ಚಿತ್ರವನ್ನು ತಡೆಯುವ ವಿ-ಸಿಂಕ್ ಹಾಕಿದಾಗ ಐದು ಚಿತ್ರಗಳಲ್ಲಿ ಮೂರು ಎರಡೆರಡು ಸುತ್ತು ನಿಲ್ಲುತ್ತವೆ, ಉಳಿದೆರಡು ಒಂದೇ ಸುತ್ತಿಗೆ ಸರಿದುಹೋಗುತ್ತವೆ. ಮಿಲಿಸೆಕೆಂಡಿನಲ್ಲಿ ಹೇಳುವುದಾದರೆ 13.9, 13.9, 6.9, 13.9, 6.9. ಕ್ಯಾಮೆರಾ ಒಂದೇ ವೇಗದಲ್ಲಿ ತಿರುಗುತ್ತಿದ್ದರೂ ಚಿತ್ರಗಳು ಈ ಎಡವುವ ಕ್ರಮದಲ್ಲಿ ಬಂದರೆ ಅದು ಕುಂಟಿದಂತೆ ಕಾಣದೆ ಇನ್ನೇನಾದೀತು? ಹಳೆಯ ಮಾನಿಟರ್‌ನಲ್ಲಿ ವಿ-ಸಿಂಕ್ ಇದ್ದಾಗ ಇದೇ ಕಾರ್ಡ್ 11 ಮಿಲಿಸೆಕೆಂಡಿನಲ್ಲಿ ಚಿತ್ರ ಮುಗಿಸಿ, 16.67ರ ಗಡುವು ಬರುವವರೆಗೆ ಕೈಕಟ್ಟಿ ಕಾಯುತ್ತಿತ್ತು. ಪ್ರತಿ ಸುತ್ತಿಗೂ ಒಂದು ಹೊಸ ಚಿತ್ರ ತಪ್ಪದೆ ಸಿದ್ಧವಿರುತ್ತಿತ್ತು. ಸಂಖ್ಯೆ ಕಡಿಮೆಯಾದರೂ ಅಂತರ ಸಮನಾಗಿತ್ತು.

ಕಣ್ಣು ಸರಾಗ ಎಂದು ಒಪ್ಪಿಕೊಳ್ಳುವುದು ಈ ಸಮ ಅಂತರವನ್ನು. ಮೃದಂಗ ವಿಳಂಬ ಕಾಲದಲ್ಲಿ ನಡೆದರೂ ಲಯ ಕೂಡಿದ್ದರೆ ಕೇಳಲು ಹಿತ. ಎಷ್ಟೇ ದ್ರುತವಾಗಿದ್ದರೂ ಒಂದೊಂದು ಪೆಟ್ಟು ಮುಂದೆ ಹಿಂದೆ ಬಿದ್ದರೆ ಸಂಗೀತ ಕಲಿಯದವರಿಗೂ ಗೊತ್ತಾಗುತ್ತದೆ. ಕಂಪ್ಯೂಟರ್ ಮಾರುವವರು ಎಷ್ಟು ಪೆಟ್ಟು ಬಿತ್ತು ಎಂಬುದನ್ನು ಮಾತ್ರ ದೊಡ್ಡ ಅಕ್ಷರದಲ್ಲಿ ಬರೆಯುತ್ತಾರೆ. ಅವು ಎಲ್ಲಿ ಬಿದ್ದವು ಎಂಬುದನ್ನು ಕೊಳ್ಳುವವರೇ ಹುಡುಕಿಕೊಳ್ಳಬೇಕಾಗಿದೆ.

ವಿ-ಸಿಂಕ್ ತೆಗೆದಾಗ ಕಾಣುವ ಸೀಳು ಬೇರೆ ಬಗೆಯದು. ಮಾನಿಟರ್ ಪರದೆಯನ್ನು ಸಾಲು ಸಾಲಾಗಿ ಮೇಲಿನಿಂದ ತುಂಬುತ್ತಾ ಬರುತ್ತದೆ ಎಂದೆನಲ್ಲ, ಅದು ಅರ್ಧಕ್ಕೆ ಬಂದಿರುವಾಗ ಕಾರ್ಡ್ ಹೊಸ ಚಿತ್ರವನ್ನು ತಂದಿಟ್ಟರೆ ಮೇಲರ್ಧದಲ್ಲಿ ಹಿಂದಿನ ಕ್ಷಣ, ಕೆಳಗರ್ಧದಲ್ಲಿ ಮುಂದಿನ ಕ್ಷಣ ಉಳಿಯುತ್ತದೆ. ನಿಂತ ದೃಶ್ಯದಲ್ಲಿ ಎರಡೂ ಒಂದೇ ಆದ್ದರಿಂದ ಏನೂ ತಿಳಿಯುವುದಿಲ್ಲ. ಪಕ್ಕಕ್ಕೆ ತಿರುಗಿದಾಗ ಮಾತ್ರ ಕಂಬ, ಬಾಗಿಲಿನಂಥ ನೆಟ್ಟನೆಯ ವಸ್ತುಗಳು ತುಂಡಾಗಿ ಸರಿದಂತೆ ಕಾಣುತ್ತವೆ. ಇದನ್ನೇ ಟೇರಿಂಗ್ ಎನ್ನುತ್ತಾರೆ. ಸುತ್ತು ಮುಗಿಯುವವರೆಗೆ ಹೊಸ ಚಿತ್ರವನ್ನು ತಡೆದು ನಿಲ್ಲಿಸುವುದೇ ವಿ-ಸಿಂಕ್‌ನ ಕೆಲಸ. ಅದು ಸೀಳನ್ನು ಗುಣಪಡಿಸಿ ಕುಂಟನ್ನು ಕೊಡುತ್ತದೆ, ಜೊತೆಗೆ ಮೌಸ್ ಅಲುಗಿಸಿದ್ದಕ್ಕೂ ಪರದೆ ಅಲುಗುವುದಕ್ಕೂ ನಡುವಿನ ವಿಳಂಬವನ್ನು ಸ್ವಲ್ಪ ಹೆಚ್ಚಿಸುತ್ತದೆ.

ಬಹಳ ವರ್ಷ ಆಟಗಾರರು ಈ ಎರಡರಲ್ಲಿ ಒಂದನ್ನು ಸಹಿಸಿಕೊಂಡೇ ಬಂದರು. ಮಾನಿಟರ್‌ನ ವೇಗ ಏಕೆ ಸ್ಥಿರವಾಗಿರಬೇಕು ಎಂಬ ಪ್ರಶ್ನೆಯನ್ನು ಉದ್ಯಮ ಗಂಭೀರವಾಗಿ ಕೇಳಿಕೊಂಡದ್ದು ತಡವಾಗಿ. ಸ್ಥಿರ ವೇಗವೆನ್ನುವುದು ಕೊಳವೆ ಪರದೆಗಳ ಕಾಲದ ಬಳುವಳಿ. ಅಲ್ಲಿ ಎಲೆಕ್ಟ್ರಾನ್ ಕಿರಣ ಒಂದೇ ಗತಿಯಲ್ಲಿ ಪರದೆಯನ್ನು ಗುಡಿಸುತ್ತಿರಬೇಕಿತ್ತು, ನಿಂತರೆ ಬೆಳಕೇ ಆರುತ್ತಿತ್ತು. ಎಲ್‌ಸಿಡಿಗೆ ಆ ಹಂಗಿಲ್ಲ. ಅದು ಕೊಟ್ಟ ಚಿತ್ರವನ್ನು ಹಿಡಿದುಕೊಂಡು ಸ್ವಲ್ಪ ಹೊತ್ತು ಕಾಯಬಲ್ಲದು. 2013ರಲ್ಲಿ ಗ್ರಾಫಿಕ್ಸ್ ಕಾರ್ಡ್ ತಯಾರಕ ಎನ್‌ವಿಡಿಯಾ ಜಿ-ಸಿಂಕ್ ಅನ್ನು ಪ್ರಕಟಿಸಿತು. 2014ರಲ್ಲಿ ಅಡಾಪ್ಟಿವ್ ಸಿಂಕ್ ಎಂಬ ಮುಕ್ತ ಮಾನದಂಡ ಮಾನಿಟರ್ ಜೋಡಿಸುವ ಡಿಸ್‌ಪ್ಲೇಪೋರ್ಟ್ ಪದ್ಧತಿಗೆ ಸೇರಿತು, ಅದರ ಮೇಲೆ ಎನ್‌ವಿಡಿಯಾದ ಪ್ರತಿಸ್ಪರ್ಧಿ ಎಎಂಡಿ ತನ್ನ ಫ್ರೀಸಿಂಕ್ ಅನ್ನು ಕಟ್ಟಿತು. ಇವುಗಳಲ್ಲಿ ಮಾನಿಟರ್ ಕಾರ್ಡನ್ನು ಹಿಂಬಾಲಿಸುತ್ತದೆ. ಚಿತ್ರ 11.1 ಮಿಲಿಸೆಕೆಂಡಿಗೆ ಬಂದರೆ ಪರದೆಯೂ 11.1ಕ್ಕೆ ಬದಲಾಗುತ್ತದೆ, ಮುಂದಿನದು 12.3ಕ್ಕೆ ಬಂದರೆ 12.3ಕ್ಕೆ. ಸೀಳಿಲ್ಲ, ಎರಡು ಸುತ್ತು ಒಂದು ಸುತ್ತಿನ ಎಡವಾಟವೂ ಇಲ್ಲ. ಕಳೆದ ಹದಿನೈದು ವರ್ಷಗಳಲ್ಲಿ ಪರದೆಯ ತಂತ್ರಜ್ಞಾನದಲ್ಲಿ ಆದ ಸುಧಾರಣೆಗಳಲ್ಲಿ ನಾನು ಇದಕ್ಕೇ ಮೊದಲ ಸ್ಥಾನ ಕೊಡುತ್ತೇನೆ. ದುಬಾರಿ ಮಾನಿಟರ್ ಕೊಂಡವರಿಗಷ್ಟೇ ಸಿಗುತ್ತಿದ್ದ ಈ ಸೌಲಭ್ಯ ಈಗ ಸಾಧಾರಣ ಬೆಲೆಯ ಮಾನಿಟರ್‌ಗಳಲ್ಲೂ ಇದೆ ಎಂಬುದು ಅದಕ್ಕೆ ಇನ್ನೊಂದು ಕಾರಣ.

ನಿಮ್ಮ 144 ಹರ್ಟ್ಸ್ ಮಾನಿಟರ್‌ನಲ್ಲೂ ಫ್ರೀಸಿಂಕ್ ಇರುವ ಸಾಧ್ಯತೆ ಬಹಳ ಹೆಚ್ಚು. ಪೆಟ್ಟಿಗೆಯ ಮೇಲೆ ಅಥವಾ ಮಾನಿಟರ್‌ನ ಗುಂಡಿ ಒತ್ತಿದಾಗ ಬರುವ ಮೆನುವಿನಲ್ಲಿ ನೋಡಿ. ನಿಮ್ಮದು ಎನ್‌ವಿಡಿಯಾ ಕಾರ್ಡ್, ಮಾನಿಟರ್ ಫ್ರೀಸಿಂಕ್, ಹೊಂದುವುದೇ ಎಂಬ ಸಂಶಯ ಬೇಡ. 2019ರ ಜನವರಿಯಿಂದ ಎನ್‌ವಿಡಿಯಾ ತನ್ನ 10ನೇ ಸರಣಿಯ ಮತ್ತು ನಂತರದ ಕಾರ್ಡ್‌ಗಳಲ್ಲಿ ಇದಕ್ಕೆ ಅವಕಾಶ ಕೊಟ್ಟಿದೆ, 1650 ಆ ಸಾಲಿನಲ್ಲಿದೆ. ಮಾಡಬೇಕಾದದ್ದು ಮೂರೇ ಕೆಲಸ: ಡಿಸ್‌ಪ್ಲೇಪೋರ್ಟ್ ಕೇಬಲ್ ಬಳಸಬೇಕು, ಮಾನಿಟರ್‌ನ ಮೆನುವಿನಲ್ಲಿ ಫ್ರೀಸಿಂಕ್ ಹಾಕಬೇಕು, ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಜಿ-ಸಿಂಕ್ ಹಾಕಬೇಕು. ಎರಡೂ ಕಡೆ ಹಾಕದೆ ಒಂದೇ ಕಡೆ ಹಾಕಿ ಪ್ರಯೋಜನವಿಲ್ಲ ಎಂದು ಕೈಬಿಟ್ಟವರು ಬಹಳ ಮಂದಿ.

ಇದಕ್ಕೊಂದು ಮಿತಿಯಿದೆ. ಈ ಬಗೆಯ ಮಾನಿಟರ್‌ಗಳು ಸಾಮಾನ್ಯವಾಗಿ 48ರಿಂದ 144 ಹರ್ಟ್ಸ್ ವರೆಗೆ ಕಾರ್ಡನ್ನು ಹಿಂಬಾಲಿಸುತ್ತವೆ. ಫ್ರೇಮ್ ರೇಟ್ 40ಕ್ಕೆ ಇಳಿದರೆ ಪ್ರತಿ ಚಿತ್ರವನ್ನೂ ಎರಡೆರಡು ಸಲ ತೋರಿಸಿ 80ರಲ್ಲಿ ನಡೆಸುವ ಉಪಾಯವಿದೆ, ಹಾಗಾಗಿ ಕೆಳಗಿನ ಅಂಚಿನಲ್ಲಿ ತೊಂದರೆ ಕಡಿಮೆ. ಮೇಲಿನ ಅಂಚಿನಲ್ಲಿ ಎಚ್ಚರ ಬೇಕು. ಹಗುರವಾದ ಆಟದಲ್ಲಿ 200 ಬಂದರೆ ಮಾನಿಟರ್ 144ರ ಮೇಲೆ ಹೋಗಲಾರದು, ಸೀಳು ಮರಳುತ್ತದೆ. ಅದಕ್ಕೇ ಫ್ರೇಮ್ ರೇಟನ್ನು 140ರ ಆಸುಪಾಸಿಗೆ ಕಟ್ಟಿಹಾಕುವುದು ರೂಢಿ. ನಿಮ್ಮ ಮಾನಿಟರ್‌ನಲ್ಲಿ ಫ್ರೀಸಿಂಕ್ ಇಲ್ಲವೇ ಇಲ್ಲ ಎಂದಾದರೆ 144ನ್ನು ನಿಶ್ಶೇಷವಾಗಿ ಭಾಗಿಸುವ ಸಂಖ್ಯೆಗೆ ಕಟ್ಟಿ, ವಿ-ಸಿಂಕ್ ಹಾಕಿ: 72. ಪ್ರತಿ ಚಿತ್ರವೂ ಸರಿಯಾಗಿ ಎರಡು ಸುತ್ತು ನಿಲ್ಲುತ್ತದೆ. ಓಲಾಡುವ 90ಕ್ಕಿಂತ ನೆಟ್ಟಗೆ ನಡೆಯುವ 72 ಮೇಲು ಎಂಬುದನ್ನು ನೀವೇ ಆಡಿ ನೋಡಿದರೆ ಒಪ್ಪುತ್ತೀರಿ.

ಇಷ್ಟೆಲ್ಲ ಮಾಡಿದ ಮೇಲೂ ಆಗಾಗ ಒಂದು ಜರ್ಕ್ ಉಳಿದರೆ ಮೂಲೆಯಲ್ಲಿರುವ ಆ 90ನ್ನು ಸಂಶಯದಿಂದ ನೋಡಬೇಕು. ಅದು ಸರಾಸರಿ. ಒಂದು ಸೆಕೆಂಡಿನಲ್ಲಿ 89 ಚಿತ್ರಗಳು ತಲಾ 10 ಮಿಲಿಸೆಕೆಂಡಿಗೆ ಮುಗಿದು, ಉಳಿದ ಒಂದೇ ಒಂದು ಚಿತ್ರಕ್ಕೆ 110 ಮಿಲಿಸೆಕೆಂಡ್ ಹಿಡಿಯಿತು ಎಂದುಕೊಳ್ಳಿ. ಒಟ್ಟು 1000 ಮಿಲಿಸೆಕೆಂಡ್, 90 ಚಿತ್ರ. ಮೂಲೆಯ ಸಂಖ್ಯೆ 90 ಎಂದೇ ಹೇಳುತ್ತದೆ. ನಿಮಗೆ ಕಂಡದ್ದು ಮಾತ್ರ ಸೆಕೆಂಡಿನ ಹತ್ತನೇ ಒಂದು ಭಾಗ ಆಟ ನಿಂತುಹೋದದ್ದು. ಆ ಹೊತ್ತಿನಲ್ಲೇ ಎದುರಾಳಿ ಗುಂಡು ಹಾರಿಸಿರುತ್ತಾನೆ. 2011ರಲ್ಲಿ ಟೆಕ್ ರಿಪೋರ್ಟ್ ತಾಣದ ಸ್ಕಾಟ್ ವಾಸನ್ ಸೆಕೆಂಡಿನ ಸರಾಸರಿಯನ್ನು ಬಿಟ್ಟು ಒಂದೊಂದು ಚಿತ್ರಕ್ಕೂ ಹಿಡಿದ ಸಮಯವನ್ನು ಅಳೆದು ಕಾರ್ಡ್‌ಗಳನ್ನು ಹೋಲಿಸಲು ತೊಡಗಿದರು. ಅಲ್ಲಿಂದೀಚೆಗೆ ಪರೀಕ್ಷೆ ಮಾಡುವವರ ದೃಷ್ಟಿಯೇ ಬದಲಾಯಿತು. ಸರಾಸರಿಯೊಂದೇ ಕೊಟ್ಟು ಸುಮ್ಮನಾಗುವ ವಿಮರ್ಶೆಯನ್ನು ಈಗ ಯಾರೂ ನೆಚ್ಚುವುದಿಲ್ಲ. ಇಂದು ವಿಮರ್ಶೆಗಳಲ್ಲಿ ಕಾಣುವ ಶೇಕಡಾ 1ರ ಕನಿಷ್ಠ ಎಂಬ ಅಂಕಿ ಅದೇ ಯೋಚನೆಯ ಫಲ. ಅತಿ ನಿಧಾನವಾದ ನೂರನೇ ಒಂದು ಭಾಗದ ಚಿತ್ರಗಳು ಯಾವ ವೇಗದಲ್ಲಿದ್ದವು ಎಂಬುದನ್ನು ಅದು ಹೇಳುತ್ತದೆ. ಸರಾಸರಿ 90, ಶೇಕಡಾ 1ರ ಕನಿಷ್ಠ 75 ಇದ್ದರೆ ಆಟ ಸರಾಗ. ಸರಾಸರಿ 110 ಇದ್ದು ಕನಿಷ್ಠ 30 ಇದ್ದರೆ ಆ ಕಂಪ್ಯೂಟರ್‌ನಲ್ಲಿ ಎಲ್ಲೋ ಏನೋ ಸಿಕ್ಕಿಹಾಕಿಕೊಂಡಿದೆ.

ಎಂಎಸ್‌ಐ ಆಫ್ಟರ್‌ಬರ್ನರ್ ಎಂಬ ಉಚಿತ ತಂತ್ರಾಂಶ, ಅದರ ಜೊತೆಗೇ ಬರುವ ರಿವಾಟ್ಯೂನರ್ ಹಾಕಿಕೊಂಡರೆ ಫ್ರೇಮ್ ಟೈಮ್‌ನ, ಅಂದರೆ ಒಂದೊಂದು ಚಿತ್ರಕ್ಕೆ ಹಿಡಿದ ಸಮಯದ, ಗೆರೆಯನ್ನು ಪರದೆಯ ಮೇಲೇ ನೋಡಬಹುದು. ಗೆರೆ ಚಪ್ಪಟೆಯಾಗಿದ್ದರೆ ಆರೋಗ್ಯ. ನಡುನಡುವೆ ಸೂಜಿಯಂತೆ ಮೇಲೇಳುತ್ತಿದ್ದರೆ ಪ್ರತಿ ಸೂಜಿಯೂ ನಿಮಗೆ ಕಂಡ ಒಂದು ಜರ್ಕ್. ಅಡಾಪ್ಟಿವ್ ಸಿಂಕ್ ಈ ಸೂಜಿಗಳನ್ನು ಅಳಿಸಲಾರದು. ತಡವಾಗಿ ಬಂದ ಚಿತ್ರವನ್ನು ತಡವಾಗಿ ತೋರಿಸುವುದಷ್ಟೇ ಅದರ ಕೈಲಿರುವುದು.

ನಿಮ್ಮ ಕಂಪ್ಯೂಟರ್‌ನಲ್ಲಿ ಸೂಜಿ ಏಳುವುದಕ್ಕೆ ನಾನು ಮೊದಲು ಶಂಕಿಸುವುದು 8 ಜಿಬಿ ರ‍್ಯಾಮನ್ನು. ಇಂದಿನ ದೊಡ್ಡ ಆಟಗಳಿಗೆ ಅದು ಸಾಲದು. ತುಂಬಿದ ಕೂಡಲೇ ವಿಂಡೋಸ್ ಒಂದಷ್ಟನ್ನು ಡಿಸ್ಕಿಗೆ ಎತ್ತಿಡುತ್ತದೆ, ಬೇಕಾದಾಗ ಮರಳಿ ತರುತ್ತದೆ, ಅಷ್ಟು ಹೊತ್ತು ಆಟ ಕಾಯುತ್ತದೆ. ಆ 8 ಜಿಬಿ ಒಂದೇ ಪಟ್ಟಿಯಲ್ಲಿದ್ದರೆ ಇನ್ನೊಂದು ಹಾನಿಯೂ ಇದೆ: ಪ್ರೊಸೆಸರ್‌ಗೆ ರ‍್ಯಾಮ್‌ನೊಡನೆ ಮಾತಾಡಲು ಎರಡು ದಾರಿಗಳಿದ್ದೂ ಒಂದೇ ಬಳಕೆಯಾಗುತ್ತಿರುತ್ತದೆ. ಎರಡನೆಯ ಶಂಕೆ ಕಾರ್ಡಿನ ಸ್ವಂತ ಸ್ಮೃತಿಯ ಮೇಲೆ. 1650ರಲ್ಲಿ 4 ಜಿಬಿ ಇದೆ, ಅದರ ಮೊದಲ ಆವೃತ್ತಿಯ ಸ್ಮೃತಿಯ ವೇಗ ಸೆಕೆಂಡಿಗೆ 128 ಜಿಬಿ. ಟೆಕ್ಸ್ಚರ್ (ವಸ್ತುಗಳ ಮೇಲ್ಮೈಗೆ ಹೊದಿಸುವ ಚಿತ್ರ) ಗುಣಮಟ್ಟವನ್ನು ಮೇಲಕ್ಕಿಟ್ಟು ಆ 4 ಜಿಬಿ ತುಂಬಿಸಿದರೆ ಉಳಿದದ್ದನ್ನು ಕಾರ್ಡ್ ಮದರ್‌ಬೋರ್ಡಿನ ಕಿಂಡಿಯ ಮೂಲಕ ರ‍್ಯಾಮ್‌ನಿಂದ ತರಿಸಿಕೊಳ್ಳಬೇಕು. ಆ ದಾರಿಯ ವೇಗ ಸೆಕೆಂಡಿಗೆ ಸುಮಾರು 16 ಜಿಬಿ ಮಾತ್ರ. ಟೆಕ್ಸ್ಚರ್ ಒಂದು ಮೆಟ್ಟಿಲು ಇಳಿಸಿದರೆ ಸರಾಸರಿ ಬದಲಾಗದಿರಬಹುದು, ಸೂಜಿಗಳು ಮಾಯವಾಗುತ್ತವೆ. ಇವೆರಡರಲ್ಲಿ ಯಾವುದೂ ಅಲ್ಲದೆ ಹೊಸ ಜಾಗಕ್ಕೆ ಹೋದಾಗ ಮೊದಲ ಸಲ ಮಾತ್ರ ಜರ್ಕ್ ಹೊಡೆದು ಎರಡನೇ ಸಲ ಸರಿಹೋಗುತ್ತಿದ್ದರೆ ಆಟ ತನ್ನ ಶೇಡರ್‌ಗಳನ್ನು (ಬೆಳಕು, ಬಣ್ಣ ಲೆಕ್ಕ ಹಾಕುವ ಕಿರು ಪ್ರೋಗ್ರಾಂಗಳನ್ನು) ಆಗಷ್ಟೇ ಸಿದ್ಧಪಡಿಸಿಕೊಳ್ಳುತ್ತಿದೆ ಎಂದರ್ಥ. ಅದು ಆಟ ಬರೆದವರ ಹೊಣೆ, ಯಾವ ಯಂತ್ರ ಕೊಂಡರೂ ಪೂರ್ತಿ ತಪ್ಪುವುದಿಲ್ಲ.

ಇನ್ನು ಸಿನಿಮಾ. ನಿಮ್ಮ ಪತ್ರದಲ್ಲಿ ನನಗೆ ಅತಿ ಉಪಯುಕ್ತವಾದ ಸುಳಿವು ಇದೇ. ಫ್ರೇಮ್ ರೇಟ್ ಬೇರೆ, ರಿಫ್ರೆಶ್ ರೇಟ್ ಬೇರೆ ಎಂಬುದು ಕಂಪ್ಯೂಟರ್ ಬರುವ ಎಷ್ಟೋ ಮೊದಲೇ ಚಿತ್ರಮಂದಿರದ ಪ್ರೊಜೆಕ್ಟರ್ ಕೋಣೆಯಲ್ಲಿ ಇತ್ಯರ್ಥವಾಗಿತ್ತು. ಮೂಕಿ ಚಿತ್ರಗಳಿಗೆ ಗೊತ್ತಾದ ಒಂದು ವೇಗವಿರಲಿಲ್ಲ, ಕ್ಯಾಮೆರಾವನ್ನು ಕೈಯಲ್ಲೇ ತಿರುಗಿಸುತ್ತಿದ್ದರು. 1920ರ ದಶಕದ ಕೊನೆಗೆ ಮಾತು ಬಂದಾಗ, ಫಿಲ್ಮ್ ಪಟ್ಟಿಯ ಅಂಚಿನಲ್ಲಿದ್ದ ಧ್ವನಿ ಏರುಪೇರಾಗದಿರಲು ಸ್ಥಿರ ವೇಗ ಬೇಕಾಯಿತು. ಫಿಲ್ಮ್‌ನ ಖರ್ಚು ಹಿಡಿತದಲ್ಲಿದ್ದು ಧ್ವನಿಯೂ ಸ್ಪಷ್ಟವಾಗಿರುವಂತೆ 24 ನೆಲೆನಿಂತಿತು. ಆದರೆ ಸೆಕೆಂಡಿಗೆ 24 ಸಲ ಮಿನುಗುವ ಬೆಳಕನ್ನು ನೋಡುತ್ತಾ ಮೂರು ಗಂಟೆ ಕೂರಲಾಗದು. ಅದಕ್ಕಾಗಿ ಪ್ರೊಜೆಕ್ಟರ್‌ನ ಷಟರ್ ಪ್ರತಿ ಚಿತ್ರವನ್ನೂ ಎರಡು ಅಥವಾ ಮೂರು ಸಲ ಬೆಳಗಿಸುವಂತೆ ಮಾಡಿದರು. ಚಿತ್ರ 24, ಮಿನುಗು 48 ಅಥವಾ 72. ಚಲನೆ ಕಾಣುವುದಕ್ಕೆ ಎಷ್ಟು ಬೇಕು ಎಂಬುದು ಒಂದು ಪ್ರಶ್ನೆ, ಬೆಳಕು ಮಿನುಗದಂತಿರಲು ಎಷ್ಟು ಬೇಕು ಎಂಬುದು ಇನ್ನೊಂದು ಪ್ರಶ್ನೆ ಎಂದು ಆ ತಂತ್ರಜ್ಞರು ಸ್ಪಷ್ಟವಾಗಿ ಕಂಡಿದ್ದರು. ನಿಮ್ಮ ಗೆಳೆಯನ ವಾದ ಎಡವುವುದು ಈ ಎರಡನ್ನೂ ಒಂದೇ ಎಂದು ಭಾವಿಸಿದ್ದರಿಂದ. ಅದಕ್ಕೆ ಮತ್ತೆ ಬರುತ್ತೇನೆ.

60 ಹರ್ಟ್ಸ್ ಪರದೆಯಲ್ಲಿ 24 ಕೂರುವುದಿಲ್ಲ. 60ನ್ನು 24ರಿಂದ ಭಾಗಿಸಿದರೆ 2.5. ಒಂದು ಚಿತ್ರ ಎರಡು ಸುತ್ತು, ಮುಂದಿನದು ಮೂರು ಸುತ್ತು ಹೀಗೆ ನಿಲ್ಲುತ್ತದೆ. ಕ್ಯಾಮೆರಾ ನಿಧಾನವಾಗಿ ಪಕ್ಕಕ್ಕೆ ಸರಿಯುವಾಗ ಕಾಣುವ ತಡೆ ಇದೇ. ನಮ್ಮ ದೇಶದ ಟಿವಿಗೆ ಇನ್ನೊಂದು ತೊಡಕಿದೆ. ಇಲ್ಲಿನ ವಿದ್ಯುತ್ತು 50 ಹರ್ಟ್ಸ್, ದೂರದರ್ಶನ ಹಿಡಿದ ಪಾಲ್ ಪದ್ಧತಿ ಸೆಕೆಂಡಿಗೆ 25 ಚಿತ್ರದ್ದು. ಅಂಥ ಕಾರ್ಯಕ್ರಮವನ್ನು 60ರ ಪರದೆಯಲ್ಲಿ ನೋಡಿದರೆ 2, 2, 3, 2, 3 ಎಂಬ ಇನ್ನೂ ವಿಚಿತ್ರ ನಡೆ ಬರುತ್ತದೆ. ಆದರೆ 144ನ್ನು 24ರಿಂದ ಭಾಗಿಸಿ: ಸರಿಯಾಗಿ 6. ನಿಮ್ಮ ಮಾನಿಟರ್ ನಿಜಕ್ಕೂ 144ರಲ್ಲಿ ನಡೆಯುತ್ತಿದ್ದರೆ ಹಳೆಯದಕ್ಕಿಂತ ಸಿನಿಮಾ ಎದ್ದು ಕಾಣುವಷ್ಟು ಸರಾಗವಾಗಿರಬೇಕಿತ್ತು.

ಹಾಗಾಗಿ ಉಳಿದೆಲ್ಲಕ್ಕಿಂತ ಮೊದಲು, ಅದು 144ರಲ್ಲೇ ಇದೆಯೇ ಎಂದು ನೋಡಿ. ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಅದರೊಳಗೆ ಡಿಸ್‌ಪ್ಲೇ, ಅದರ ಕೆಳಗೆ ಅಡ್ವಾನ್ಸ್‌ಡ್ ಡಿಸ್‌ಪ್ಲೇ. ಅಲ್ಲಿ ರಿಫ್ರೆಶ್ ರೇಟ್ 60 ಎಂದಿದ್ದರೆ ಆಶ್ಚರ್ಯಪಡಬೇಡಿ. ಹೊಸ ಮಾನಿಟರ್ ತಂದು ಚುಚ್ಚಿದಾಗ ಎಷ್ಟೋ ಸಲ ವಿಂಡೋಸ್ 60ರಲ್ಲೇ ಉಳಿದಿರುತ್ತದೆ, ಕೊಂಡವರು ತಿಂಗಳುಗಟ್ಟಲೆ ಗಮನಿಸಿರುವುದಿಲ್ಲ. ಪಟ್ಟಿಯಲ್ಲಿ 144 ಕಾಣಿಸದಿದ್ದರೆ ಕೇಬಲ್ ನೋಡಿ. ಕೆಲವು ಮಾನಿಟರ್‌ಗಳ ಎಚ್‌ಡಿಎಂಐ ಕಿಂಡಿಯಲ್ಲಿ 144 ಸಿಗುವುದಿಲ್ಲ, ಡಿಸ್‌ಪ್ಲೇಪೋರ್ಟ್‌ನಲ್ಲಿ ಮಾತ್ರ ಸಿಗುತ್ತದೆ. ಕೇಬಲ್‌ನ ಇನ್ನೊಂದು ತುದಿ ಮದರ್‌ಬೋರ್ಡಿಗೆ ಸೇರದೆ ಗ್ರಾಫಿಕ್ಸ್ ಕಾರ್ಡಿಗೇ ಸೇರಿದೆಯೇ ಎಂಬುದನ್ನೂ ಬಗ್ಗಿ ನೋಡಿಬಿಡಿ. 144ಕ್ಕೆ ಬದಲಿಸಿದ ಮೇಲೆ ಡೆಸ್ಕ್‌ಟಾಪ್‌ನಲ್ಲಿ ಒಂದು ಕಿಟಕಿಯನ್ನು ಹಿಡಿದು ಎಳೆದಾಡಿ, ವ್ಯತ್ಯಾಸ ಅಲ್ಲಿಯೇ ಗೊತ್ತಾಗುತ್ತದೆ.

ಅದನ್ನೆಲ್ಲ ಸರಿಪಡಿಸಿದ ಮೇಲೂ ವೇಗದ ಪ್ಯಾನಿಂಗ್‌ನಲ್ಲಿ ಸಿನಿಮಾ ಸ್ವಲ್ಪ ತಡೆಯುತ್ತದೆ. ಅದು 24ರ ಸ್ವಭಾವ, ಛಾಯಾಗ್ರಾಹಕರು ಪಕ್ಕಕ್ಕೆ ಕ್ಯಾಮೆರಾ ತಿರುಗಿಸುವಾಗ ನಿಧಾನಿಸುವುದು ಇದಕ್ಕೇ. 24ರಲ್ಲಿ ಸಿನಿಮಾ ಸಹ್ಯವಾಗುವುದಕ್ಕೂ ಅದೇ ವೇಗದಲ್ಲಿ ಆಟ ಅಸಹ್ಯವಾಗುವುದಕ್ಕೂ ಕಾರಣ ಷಟರ್. ಸಿನಿಮಾ ಕ್ಯಾಮೆರಾ ಸಾಮಾನ್ಯವಾಗಿ ಪ್ರತಿ ಚಿತ್ರವನ್ನೂ ಸೆಕೆಂಡಿನ 48ನೇ ಒಂದು ಭಾಗದಷ್ಟು ಹೊತ್ತು ತೆರೆದು ಹಿಡಿಯುತ್ತದೆ. ಚಲಿಸುವ ಕೈ, ಓಡುವ ಕಾರು ಆ ಹೊತ್ತಿನಲ್ಲಿ ಸಾಗಿದಷ್ಟೂ ದೂರ ಮಸುಕಾಗಿ ದಾಖಲಾಗುತ್ತದೆ. ಆ ಮಸುಕು ಒಂದು ಚಿತ್ರಕ್ಕೂ ಮುಂದಿನದಕ್ಕೂ ನಡುವಿನ ಸಂದನ್ನು ತುಂಬುತ್ತದೆ. ಆಟದ ಚಿತ್ರಗಳು ಕತ್ತರಿಸಿದಷ್ಟು ಚೂಪು, ನಡುವಿನ ಸಂದು ಹಾಗೇ ಕಣ್ಣಿಗೆ ಬೀಳುತ್ತದೆ.

ಮನೆಯಲ್ಲಿ ಹೊಸ ಟಿವಿ ಇದ್ದರೆ ಇಲ್ಲೊಂದು ಮಾತು ಸೇರಿಸುತ್ತೇನೆ. ಸಿನಿಮಾ ನೋಡಿದರೂ ಧಾರಾವಾಹಿ ನೋಡಿದಂತೆ ಕಾಣುತ್ತದೆ ಎಂದು ಹಲವರು ಹೇಳುತ್ತಾರೆ. ಸೋನಿಯ ಮೋಷನ್‌ಫ್ಲೋ, ಎಲ್‌ಜಿಯ ಟ್ರೂಮೋಷನ್, ಸ್ಯಾಮ್‌ಸಂಗ್‌ನ ಆಟೋ ಮೋಷನ್ ಪ್ಲಸ್ ಎಂಬ ಸೆಟ್ಟಿಂಗ್‌ಗಳು ಎರಡು ಚಿತ್ರಗಳ ನಡುವೆ ತಾವೇ ಊಹಿಸಿದ ಚಿತ್ರಗಳನ್ನು ಸೇರಿಸುವುದರ ಪರಿಣಾಮ ಅದು. ಕ್ರಿಕೆಟ್‌ಗೆ ಇಟ್ಟುಕೊಳ್ಳಿ, ಸಿನಿಮಾಕ್ಕೆ ದಯವಿಟ್ಟು ತೆಗೆದುಬಿಡಿ. ನಿರ್ದೇಶಕ ಮತ್ತು ಛಾಯಾಗ್ರಾಹಕ ಕೂಡಿ ಮಾಡಿದ ಕೆಲಸವನ್ನು ಟಿವಿ ತಿದ್ದಬೇಕಾಗಿಲ್ಲ.

ಈಗ ಗೆಳೆಯನ ಮಾತು. ಮಿನುಗುವ ದೀಪ ಒಂದೇ ಸಮನೆ ಉರಿದಂತೆ ಕಾಣತೊಡಗುವ ಮಿತಿ ಬೆಳಕಿನ ಪ್ರಖರತೆ, ನೋಟದ ಕೋನಗಳಿಗೆ ತಕ್ಕಂತೆ ಹೆಚ್ಚಿನವರಲ್ಲಿ 50ರಿಂದ 90 ಹರ್ಟ್ಸ್ ನಡುವೆ ಇರುತ್ತದೆ. 60 ಎಂಬ ನಂಬಿಕೆ ಹುಟ್ಟಿದ್ದು ಇಲ್ಲಿಂದ. ಆದರೆ ಅದು ನಿಂತ ದೀಪದ ಮಾತು. ಚಲಿಸುವ ವಸ್ತುವಿನ ಕಥೆ ಬೇರೆ. ಕಪ್ಪು ಹಿನ್ನೆಲೆಯ ಮೇಲೆ ಮೌಸ್ ಬಾಣವನ್ನು ರಭಸದಿಂದ ಅತ್ತಿತ್ತ ಆಡಿಸಿ. 1920 ಪಿಕ್ಸೆಲ್ ಅಗಲದ ಪರದೆಯನ್ನು ಅದು ಅರ್ಧ ಸೆಕೆಂಡಿನಲ್ಲಿ ದಾಟಿದರೆ, 60 ಹರ್ಟ್ಸ್‌ನಲ್ಲಿ 64 ಪಿಕ್ಸೆಲ್‌ಗೊಂದರಂತೆ ಬಿಡಿ ಬಿಡಿ ಬಾಣಗಳ ಸಾಲು ಕಾಣುತ್ತದೆ. 144ರಲ್ಲಿ ಆ ಅಂತರ 27ಕ್ಕೆ ಇಳಿದು ಸಾಲು ದಟ್ಟವಾಗುತ್ತದೆ. 60ಕ್ಕಿಂತ ಹೆಚ್ಚು ಕಾಣದಿದ್ದರೆ ಎರಡೂ ಒಂದೇ ಥರ ಕಾಣಬೇಕಿತ್ತು. ಗೆಳೆಯನನ್ನು ಕೂರಿಸಿ ಮೌಸ್ ಅವರ ಕೈಗೇ ಕೊಡಿ.

ಇದಕ್ಕಿಂತ ಮುಖ್ಯವಾದದ್ದು ಮಸುಕು. ಸುದ್ದಿ ವಾಹಿನಿಯ ಕೆಳಗೆ ಓಡುವ ಅಕ್ಷರಗಳನ್ನು ಎಲ್‌ಸಿಡಿ ಟಿವಿಯಲ್ಲಿ ಓದುವಾಗ ಅಂಚುಗಳು ಕಲಸಿಹೋಗಿರುವುದನ್ನು ಗಮನಿಸಿರುತ್ತೀರಿ. ಇದಕ್ಕೆ ಬಹುಪಾಲು ಕಾರಣ ನಮ್ಮ ಕಣ್ಣು ಚಲಿಸುವ ರೀತಿಯೇ. ನಾವು ಅಕ್ಷರವನ್ನು ಹಿಂಬಾಲಿಸುವಾಗ ಕಣ್ಣುಗುಡ್ಡೆ ನಿಲ್ಲದೆ ಸರಿಯುತ್ತಿರುತ್ತದೆ. ಪರದೆಯ ಮೇಲಿನ ಅಕ್ಷರ ಮಾತ್ರ 16.67 ಮಿಲಿಸೆಕೆಂಡ್ ಇದ್ದಲ್ಲೇ ನಿಂತು, ಆಮೇಲೆ ಮುಂದಿನ ಜಾಗಕ್ಕೆ ಜಿಗಿಯುತ್ತದೆ. ನಿಂತ ಅಕ್ಷರದ ಮೇಲೆ ಕಣ್ಣು ಸರಿದಷ್ಟೂ ಅದು ಅಕ್ಷಿಪಟಲದ ಮೇಲೆ ಬಳಿದುಕೊಳ್ಳುತ್ತದೆ. ಸೆಕೆಂಡಿಗೆ 960 ಪಿಕ್ಸೆಲ್ ವೇಗದಲ್ಲಿ ಓಡುವ ಅಕ್ಷರಕ್ಕೆ 60ರಲ್ಲಿ 16 ಪಿಕ್ಸೆಲ್ ಅಗಲದ ಮಸುಕು, 90ರಲ್ಲಿ ಹತ್ತೂವರೆಗಿಂತ ಸ್ವಲ್ಪ ಹೆಚ್ಚು, 144ರಲ್ಲಿ 7ಕ್ಕಿಂತ ಕಡಿಮೆ. ಹಳೆಯ ಕೊಳವೆ ಟಿವಿಯಲ್ಲಿ ಕಿರಣ ಹೊಡೆದ ಚುಕ್ಕೆ ಕ್ಷಣದಲ್ಲೇ ಆರಿಹೋಗುತ್ತಿದ್ದುದರಿಂದ ಈ ತೊಂದರೆ ಇರಲಿಲ್ಲ, ಹೆಚ್ಚಿನ ಹರ್ಟ್ಸ್ ಇಲ್ಲದೆಯೂ ಚಲನೆ ಚೂಪಾಗಿತ್ತು. ಬದಲಿಗೆ ಮಿನುಗು ಇತ್ತು.

ಇಲ್ಲಿ ತಪ್ಪದೆ ನೆನಪಿಡಬೇಕಾದ ಮಾತೊಂದಿದೆ. ಮಸುಕನ್ನು ನಿರ್ಧರಿಸುವುದು ಒಂದು ಹೊಸ ಚಿತ್ರ ಎಷ್ಟು ಹೊತ್ತು ನಿಂತಿತು ಎಂಬುದು. ಆಟ 60ರಲ್ಲೇ ನಡೆಯುತ್ತಿದ್ದರೆ ಮಾನಿಟರ್ 144 ಇರಲಿ 240 ಇರಲಿ, ಮಸುಕು 16 ಪಿಕ್ಸೆಲ್ಲೇ. ಎರಡೂ ವೇಗ ಜೊತೆಯಾಗಿ ಏರಿದರಷ್ಟೇ ಲಾಭ. ನಿಮಗೆ 72ಕ್ಕೆ ಕಟ್ಟುವುದಕ್ಕಿಂತ ಅಡಾಪ್ಟಿವ್ ಸಿಂಕ್‌ನಲ್ಲಿ 90 ಬಿಡುವುದೇ ಮೇಲು ಎನ್ನುವುದೂ ಇದೇ ಕಾರಣಕ್ಕೆ: ಅಂತರವೂ ಸರಿಹೋಗುತ್ತದೆ, ಮಸುಕೂ ತಗ್ಗುತ್ತದೆ. ಮೇಲೇರಿದಂತೆ ಗಳಿಕೆ ಸಣ್ಣದಾಗುತ್ತದೆ ಎಂಬುದನ್ನೂ ತಿಳಿದಿರಿ. 30ರಿಂದ 60ಕ್ಕೆ ಹೋದರೆ ಚಿತ್ರಕ್ಕೆ 16.7 ಮಿಲಿಸೆಕೆಂಡ್ ಉಳಿಯುತ್ತದೆ, 60ರಿಂದ 120ಕ್ಕೆ 8.3, 120ರಿಂದ 240ಕ್ಕೆ 4.2 ಮಾತ್ರ. ಸ್ಪರ್ಧೆಗಿಳಿದು ಆಡುವವರಲ್ಲದಿದ್ದರೆ 240ಕ್ಕೆ ಆಸೆಪಡಬೇಡಿ.

ಮಾನಿಟರ್‌ನ ಪೆಟ್ಟಿಗೆಯ ಮೇಲಿನ 1 ಮಿಲಿಸೆಕೆಂಡ್ ಎಂಬ ಬರಹ ಸಾಮಾನ್ಯವಾಗಿ ಇದಕ್ಕೆ ಸಂಬಂಧಿಸಿದ್ದಲ್ಲ. ಅದು ಪಿಕ್ಸೆಲ್ ಒಂದು ಬಣ್ಣದಿಂದ ಇನ್ನೊಂದಕ್ಕೆ ಬದಲಾಗಲು ಹಿಡಿಯುವ ಸಮಯ, ಅದೂ ಅತ್ಯಂತ ಅನುಕೂಲಕರ ಬದಲಾವಣೆಯನ್ನು ಆರಿಸಿ ಹೇಳಿದ್ದು. ವಿಎ ಎಂಬ ಒಂದು ಬಗೆಯ ಎಲ್‌ಸಿಡಿ ಪರದೆಗಳಲ್ಲಿ ಕಪ್ಪಿನಿಂದ ಕಡುಬೂದಿಗೆ ಹೋಗಲು 6.94 ಮಿಲಿಸೆಕೆಂಡಿಗಿಂತ ಹೆಚ್ಚೇ ಹಿಡಿಯಬಹುದು, ಆಗ ಕತ್ತಲ ದೃಶ್ಯಗಳಲ್ಲಿ ವಸ್ತುಗಳ ಹಿಂದೆ ಕಪ್ಪು ಬಾಲ ಕಾಣುತ್ತದೆ. ಪಿಕ್ಸೆಲ್ ಬದಲಾಗುವುದನ್ನು ಚುರುಕುಗೊಳಿಸಲು ಮಾನಿಟರ್‌ನ ಮೆನುವಿನಲ್ಲಿರುವ ಓವರ್‌ಡ್ರೈವ್ ಅನ್ನು ನಡುವಿನ ಹಂತಕ್ಕಿಡಿ. ಪೂರ್ತಿ ಏರಿಸಿದರೆ ಬಾಲದ ಬದಲು ಬಿಳಿ ಅಂಚು ಬರುತ್ತದೆ.

ಕೊನೆಗೆ ಅಂಗಡಿಯವರ ಸಲಹೆ. ಎಎಂಡಿಯ ಎಫ್‌ಎಸ್‌ಆರ್ 3, ಎನ್‌ವಿಡಿಯಾದ ಡಿಎಲ್‌ಎಸ್‌ಎಸ್ 3 ಮುಂತಾದ ಫ್ರೇಮ್ ಜನರೇಷನ್ ತೋರಿಸಿ ನಿಮ್ಮನ್ನು ಒಪ್ಪಿಸಲು ನೋಡಬಹುದು. ಅವು ಎರಡು ನಿಜವಾದ ಚಿತ್ರಗಳ ನಡುವೆ ಒಂದನ್ನು ಊಹಿಸಿ ಸೇರಿಸುತ್ತವೆ. ನೋಟ ಸರಾಗವಾಗುತ್ತದೆ, ಆದರೆ ಊಹಿಸಲು ಮುಂದಿನ ಚಿತ್ರಕ್ಕಾಗಿ ಕಾಯಬೇಕಾದ್ದರಿಂದ ಕೈಗೆ ಸಿಗುವ ಸ್ಪಂದನೆ ವೇಗವಾಗುವುದಿಲ್ಲ. ಮೂಲದಲ್ಲೇ 60ರ ಆಸುಪಾಸು ಬರುತ್ತಿದ್ದರೆ ಮಾತ್ರ ಅದು ಚೆನ್ನ. 30ನ್ನು 60 ಮಾಡಲು ಅದನ್ನು ನೆಚ್ಚಬೇಡಿ. ಕಾರ್ಡ್ ಬದಲಿಸಬೇಕೇ ಎಂಬುದನ್ನು ನೀವೇ ಪರೀಕ್ಷಿಸಬಹುದು. ಆಟದ ರೆಸಲ್ಯೂಷನ್ ಅನ್ನು 1280 ಗುಣಿಸು 720ಕ್ಕೆ ಇಳಿಸಿ. ಎಫ್‌ಪಿಎಸ್ ಜಿಗಿದು ಏರಿ, ಸೂಜಿಗಳೂ ಹೋದರೆ ಕಾರ್ಡ್‌ಗೆ ಭಾರವಾಗುತ್ತಿತ್ತು ಎಂದು ತಿಳಿಯಿರಿ. ಆಗಲೂ ಮೊದಲು ನೆರಳು, ಟೆಕ್ಸ್ಚರ್ ಇಳಿಸಿ ಮತ್ತೆ ಪೂರ್ಣ ರೆಸಲ್ಯೂಷನ್‌ನಲ್ಲಿ ಆಡಿ ನೋಡಿ. ರೆಸಲ್ಯೂಷನ್, ಟೆಕ್ಸ್ಚರ್ ಎರಡನ್ನೂ ಇಳಿಸಿದರೂ ಎಫ್‌ಪಿಎಸ್ ಇದ್ದಲ್ಲೇ ನಿಂತು ಸೂಜಿಗಳು ಹಾಗೇ ಏಳುತ್ತಿದ್ದರೆ ಎಷ್ಟು ದೊಡ್ಡ ಕಾರ್ಡ್ ಹಾಕಿದರೂ ಅವು ಏಳುತ್ತಲೇ ಇರುತ್ತವೆ. ಅಂಗಡಿಗೆ ಹೋಗಿ, ಇರುವ ಪಟ್ಟಿಯ ವೇಗಕ್ಕೆ ಹೊಂದುವ ಇನ್ನೊಂದು 8 ಜಿಬಿ ರ‍್ಯಾಮ್ ಪಟ್ಟಿ ಕೇಳಿ. ಮದರ್‌ಬೋರ್ಡಿನಲ್ಲಿ ನಾಲ್ಕು ಕಿಂಡಿಗಳಿದ್ದರೆ ಅಕ್ಕಪಕ್ಕ ಹಾಕದೆ, ಅದರ ಕೈಪಿಡಿಯಲ್ಲಿ ಜೋಡಿ ಎಂದು ತೋರಿಸಿದ ಕಿಂಡಿಗಳಲ್ಲೇ ಹಾಕಿ.